ಬಿಸಿಎ ಓದಿದವರಿಗೆ ಇಬಿ-2 ಯಾಕೆ ಸಿಗುವುದಿಲ್ಲ?

ಪ್ರಶ್ನೆ: ನಾನು ಉಡುಪಿ ಕಡೆಯವನು. 2008ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಿಂದ ಬಿಸಿಎ ಮುಗಿಸಿದೆ. ಬೆಂಗಳೂರಿನಲ್ಲಿ ಮೂರು ಕಂಪನಿಗಳಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿ, 2022ರ ಅಕ್ಟೋಬರ್‌ನಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಡಲ್ಲಾಸ್‌ಗೆ ಬಂದೆ. ಮೊದಲ ಮೂರು ವರ್ಷ ಮುಗಿದು ಎಕ್ಸ್‌ಟೆನ್ಷನ್ ಕೂಡ ಆಗಿದೆ. ಈಗ ಕಂಪನಿ ಗ್ರೀನ್ ಕಾರ್ಡ್ ಶುರು ಮಾಡುತ್ತೇನೆ ಎಂದಿದೆ. ಆದರೆ ಉದ್ಯೋಗದ ಗ್ರೀನ್ ಕಾರ್ಡ್‌ನ ವರ್ಗಗಳಾದ ಇಬಿ-2, ಇಬಿ-3ರಲ್ಲಿ ನನ್ನದು ಇಬಿ-3 ಎಂದು ಕಂಪನಿಯ ವಕೀಲರು ಹೇಳುತ್ತಾರೆ. ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗ ಬಿಇ ಮುಗಿಸಿ ಆರು ವರ್ಷವಾಗಿದೆ, ಅವನಿಗೆ ಇಬಿ-2! ಎಚ್-1ಬಿಗೆ ನನ್ನ ಡಿಗ್ರಿ ಮತ್ತು ಅನುಭವ ಸೇರಿಸಿ ಬ್ಯಾಚುಲರ್ಸ್ ಎಂದು ಒಪ್ಪಿದ್ದರಲ್ಲ, ಈಗೇಕೆ ಇಲ್ಲ? ಇಲ್ಲಿಯ ಒಂದು ಯೂನಿವರ್ಸಿಟಿಯಲ್ಲಿ ಆನ್‌ಲೈನ್ ಮಾಸ್ಟರ್ಸ್ ಮಾಡಿಬಿಡಲೇ? ಅನುಭವವನ್ನೇ ಮಾಸ್ಟರ್ಸ್ ಎಂದು ಬರೆದುಕೊಡುವವರಿದ್ದಾರೆ ಅಂತ ಸ್ನೇಹಿತರೊಬ್ಬರು ಹೇಳಿದರು, ಅದು ನಡೆಯುತ್ತದೆಯೇ? ಮಗಳಿಗೆ ಹತ್ತು ವರ್ಷ, ಬೆಂಗಳೂರಿನಲ್ಲೇ ಹುಟ್ಟಿದವಳು. ಹೆಂಡತಿ ಮಸ್ಕತ್‌ನಲ್ಲಿ ಹುಟ್ಟಿ, ಹೈಸ್ಕೂಲಿಗೆ ಊರಿಗೆ ಬಂದವಳು. ಈಗ ನನ್ನ ವೀಸಾ ಮೇಲೆ ಎಚ್-4ನಲ್ಲಿದ್ದಾಳೆ. ಮಗಳಿಗೆ 21 ಆದರೆ ಅವಳು ನಮ್ಮ ಅರ್ಜಿಯಿಂದ ಹೊರಬೀಳುತ್ತಾಳಂತೆ, ಅದರೊಳಗೆ ಏನಾದರೂ ಆಗುತ್ತದೆಯೇ ಎನ್ನುವುದೇ ನಮ್ಮ ದೊಡ್ಡ ಚಿಂತೆ.

ಉತ್ತರ: ನಿಮ್ಮ ವಕೀಲರು ನಿಮ್ಮನ್ನು ಕಡಿಮೆ ಎಂದು ನೋಡಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇದೆ. ಹದಿನಾಲ್ಕು ವರ್ಷ ದುಡಿದವರಿಗೆ ಇದು ಅವಮಾನ ಅನ್ನಿಸುವುದು ಸಹಜ. ನನ್ನ ಟೇಬಲ್ಲಿನ ಮುಂದೆ ಕೂತು ಇದೇ ಮಾತು ಹೇಳಿ ಕಣ್ಣೀರು ಹಾಕಿದವರೂ ಇದ್ದಾರೆ. ಆದರೆ ನಿಮ್ಮ ಪತ್ರದಲ್ಲಿ ನೀವು ಕೇಳಿದ ಪ್ರಶ್ನೆಗಿಂತ ಮುಖ್ಯವಾದ ವಿಷಯ ಒಂದಿದೆ. ಮೊದಲು ಡಿಗ್ರಿಯ ಲೆಕ್ಕ ಮುಗಿಸೋಣ.

ಇಬಿ-2, ಇಬಿ-3 ಎನ್ನುವ ಚೀಟಿ ಅಂಟುವುದು ಕೆಲಸಕ್ಕೆ. ಕಂಪನಿ ಮೊದಲು ಅಮೆರಿಕದ ಕಾರ್ಮಿಕ ಇಲಾಖೆಗೆ ಪರ್ಮ್ ಅರ್ಜಿ (ಈ ಕೆಲಸಕ್ಕೆ ಇಲ್ಲಿಯವರು ಸಿಗಲಿಲ್ಲ ಎಂದು ತೋರಿಸುವ ಅರ್ಜಿ) ಹಾಕಬೇಕು. ಅದರಲ್ಲಿ 'ಈ ಕೆಲಸಕ್ಕೆ ಕನಿಷ್ಠ ಇಷ್ಟು ಓದು, ಇಷ್ಟು ಅನುಭವ ಬೇಕು' ಎಂದು ಬರೆಯುತ್ತದೆ. ಕೆಲಸಕ್ಕೆ ಮಾಸ್ಟರ್ಸ್ ಬೇಕು, ಇಲ್ಲವೇ ಬ್ಯಾಚುಲರ್ಸ್ ಮತ್ತು ಅದಾದ ಮೇಲೆ ಐದು ವರ್ಷದ ಅನುಭವ ಬೇಕು ಎಂದಿದ್ದರೆ ಇಬಿ-2. ಬರೀ ಬ್ಯಾಚುಲರ್ಸ್ ಸಾಕು, ಅಥವಾ ಎರಡು ವರ್ಷದ ಅನುಭವ ಸಾಕು ಎಂದಿದ್ದರೆ ಇಬಿ-3. ಪಿಎಚ್‌ಡಿ ಮಾಡಿದವರೂ ಡಿಗ್ರಿ ಸಾಕೆನ್ನುವ ಕೆಲಸಕ್ಕೆ ಸೇರಿದ್ದರೆ ಅವರ ಅರ್ಜಿ ಇಬಿ-3ರಲ್ಲೇ ಹೋಗುತ್ತದೆ. ಪಿಎಚ್‌ಡಿ ಇದ್ದರೆ ತಾನಾಗಿ ಇಬಿ-1, ಅಂದರೆ ಇವೆರಡಕ್ಕೂ ಮೇಲಿನ ವರ್ಗ, ಎನ್ನುವ ಮಾತೂ ಸುಳ್ಳು. ಅಲ್ಲಿ ನೋಡುವುದು ನಿಮ್ಮ ಕ್ಷೇತ್ರದಲ್ಲಿ ನೀವು ಎಷ್ಟು ಹೆಸರು ಮಾಡಿದ್ದೀರಿ, ಅಥವಾ ದೊಡ್ಡ ಕಂಪನಿಯ ವಿದೇಶಿ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದಿರಾ ಎನ್ನುವುದನ್ನು.

ಕೆಲಸ ಏನು ಕೇಳುತ್ತದೆ ಎನ್ನುವುದು ಒಂದು ಕಡೆಯಾಯಿತು. ಅದು ಕೇಳಿದ್ದೆಲ್ಲ ನಿಮ್ಮ ಹತ್ತಿರ ಇದೆ ಎಂದು ತೋರಿಸುವುದು ಇನ್ನೊಂದು ಕಡೆ. ಪರ್ಮ್ ಹಾಕಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್. ಆ ದಿನದೊಳಗೆ ಓದು, ಅನುಭವ ಎರಡೂ ಪೂರ್ತಿ ಇರಬೇಕು. ಮರುದಿನ ಸಿಕ್ಕ ಡಿಗ್ರಿ ಲೆಕ್ಕಕ್ಕಿಲ್ಲ.

ನಿಮ್ಮ ಬಿಸಿಎ ತೊಡಕಾಗುವುದು ಇಲ್ಲೇ. ಅಮೆರಿಕದ ಬ್ಯಾಚುಲರ್ಸ್ ನಾಲ್ಕು ವರ್ಷದ್ದು, ನಮ್ಮ ಬಿಎಸ್ಸಿ, ಬಿಕಾಂ, ಬಿಸಿಎ ಮೂರು ವರ್ಷದವು. ಭಾರತದ ಮೂರು ವರ್ಷದ ಡಿಗ್ರಿ ಇಲ್ಲಿಯ ಬ್ಯಾಚುಲರ್ಸ್‌ಗೆ ಸಮ ಅಲ್ಲ ಎಂದು 1977ರಷ್ಟು ಹಿಂದೆಯೇ ಒಂದು ತೀರ್ಮಾನ ಬಂದಿದೆ. ಅದು ಇವತ್ತಿಗೂ ನಡೆಯುತ್ತಿದೆ. ಇಬಿ-2ಗೆ 'ಬ್ಯಾಚುಲರ್ಸ್ ಮತ್ತು ಐದು ವರ್ಷ' ಎನ್ನುವಾಗ ಆ ಬ್ಯಾಚುಲರ್ಸ್ ಒಂದೇ ಡಿಗ್ರಿಯಾಗಿ ನಿಲ್ಲಬೇಕು. ಮೂರು ವರ್ಷದ ಡಿಗ್ರಿಗೆ ಅನುಭವ ಹೊಲಿದು ಡಿಗ್ರಿ ಮಾಡಿ, ಅದರ ಮೇಲೆ ಮತ್ತೆ ಐದು ವರ್ಷದ ಅನುಭವ ಜೋಡಿಸಲು ಬಿಡುವುದಿಲ್ಲ. ಹಾಗಾಗಿ ಹದಿನಾಲ್ಕಲ್ಲ, ಇಪ್ಪತ್ತೈದು ವರ್ಷದ ಅನುಭವ ಇದ್ದರೂ ಈ ಬಾಗಿಲು ತೆರೆಯದು. ನಿಮ್ಮ ಕೈಕೆಳಗಿನ ಹುಡುಗನದು ನಾಲ್ಕು ವರ್ಷದ ಬಿಇ. ಅದರ ಮೇಲೆ ಐದು ವರ್ಷ ಆಗಿದೆ. ಅಷ್ಟೇ ವ್ಯತ್ಯಾಸ. ಅವನು ನಿಮಗಿಂತ ಜಾಣ ಎಂದು ಯಾರೂ ಹೇಳಿಲ್ಲ.

ಎಚ್-1ಬಿಗೆ ಹೇಗೆ ಒಪ್ಪಿದರು ಎಂದು ಕೇಳಿದಿರಿ. ಎಚ್-1ಬಿ ನಿಯಮದಲ್ಲಿ ಮೂರು ವರ್ಷದ ಅನುಭವವನ್ನು ಒಂದು ವರ್ಷದ ಓದಿಗೆ ಸಮ ಎಂದು ಲೆಕ್ಕ ಹಾಕಲು ಅವಕಾಶವಿದೆ. ನಿಮ್ಮ ಬಿಸಿಎ ಮತ್ತು ಮೂರು ವರ್ಷದ ಅನುಭವ ಸೇರಿ ನಾಲ್ಕು ವರ್ಷವಾಯಿತು. ಆದರೆ ಆ ಲೆಕ್ಕ ಎಚ್-1ಬಿಗೆ ಮಾತ್ರ. ಗ್ರೀನ್ ಕಾರ್ಡ್ ನಿಯಮ ಬೇರೆ ಪುಸ್ತಕ. ಆಗ ಕೊಟ್ಟ ಇವ್ಯಾಲ್ಯುಯೇಶನ್ ಪತ್ರವನ್ನೇ (ನಮ್ಮ ಓದು, ಅನುಭವ ಇಲ್ಲಿಯ ಯಾವ ಡಿಗ್ರಿಗೆ ಸಮ ಎಂದು ಬರೆದದ್ದು) ಈಗಲೂ ಲಗತ್ತಿಸಿ ಕಳಿಸಿದವರಿದ್ದಾರೆ. ಎರಡು ವರ್ಷ ಕಾದ ಮೇಲೆ ಐ-140 (ಪರ್ಮ್ ಆದ ಮೇಲೆ ಕಂಪನಿ ವಲಸೆ ಇಲಾಖೆಗೆ ಹಾಕುವ ಅರ್ಜಿ) ತಿರಸ್ಕಾರವಾಗಿ ವಾಪಸ್ ಬಂದದ್ದೂ ಇದೆ.

ನಮ್ಮ ಬೇರೆ ಬೇರೆ ಡಿಗ್ರಿಗಳನ್ನು ಇಲ್ಲಿ ಹೇಗೆ ನೋಡುತ್ತಾರೆ ಎಂದು ಬಹಳ ಜನ ಕೇಳುವುದರಿಂದ ಒಂದೆರಡು ಮಾತು. ವಲಸೆ ಇಲಾಖೆಯ ಅಧಿಕಾರಿಗಳು ಎಡ್ಜ್ ಎನ್ನುವ ಒಂದು ದತ್ತಾಂಶ ಕೋಶ ತೆರೆದು ನೋಡುತ್ತಾರೆ. ನಾಲ್ಕು ವರ್ಷದ ಬಿಇ, ಬಿಟೆಕ್ ಅಮೆರಿಕದ ಬ್ಯಾಚುಲರ್ಸ್‌ಗೆ ಸಮ. ಬಿಎಸ್ಸಿ ಮೇಲೆ ಹಳೆಯ ಮೂರು ವರ್ಷದ ಎಂಸಿಎ ಮಾಡಿದ್ದರೆ ಸಾಮಾನ್ಯವಾಗಿ ಮಾಸ್ಟರ್ಸ್ ಎಂದೇ ಒಪ್ಪುತ್ತಾರೆ. ಬಿಎಸ್ಸಿ ಮೇಲೆ ಎರಡು ವರ್ಷದ ಎಂಎಸ್ಸಿ ಆದರೆ ಹೆಚ್ಚಾಗಿ ಬ್ಯಾಚುಲರ್ಸ್ ಮಟ್ಟಕ್ಕೆ ಇಳಿಸುತ್ತಾರೆ. ಅಂಥವರಿಗೆ ಅದರ ಮೇಲೆ ಐದು ವರ್ಷದ ಅನುಭವ ಬೇಕು. 2020ರಿಂದ ಎಂಸಿಎಯನ್ನೂ ಎರಡು ವರ್ಷಕ್ಕೆ ಇಳಿಸಿದ್ದಾರಲ್ಲ, ಆ ಬ್ಯಾಚಿನವರು ಮುಂದೆ ಎಚ್ಚರದಿಂದಿರಬೇಕು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದು, 2024ರಲ್ಲಿ ಮತ್ತೆ ಮೂರಕ್ಕೆ ಮರಳಿದರು. ನಡುವಿನ ಮೂರು ಬ್ಯಾಚಿನಲ್ಲಿ ನಾಲ್ಕನೇ ವರ್ಷ ಓದಬಹುದು ಎನ್ನುವ ಆಯ್ಕೆ ಇದ್ದವರು, ಹೊರದೇಶದ ಯೋಚನೆ ಇದ್ದರೆ, ಆ ಒಂದು ವರ್ಷವನ್ನು ಸುಮ್ನೆ ಬಿಡಬಾರದು. ಊರಿನಲ್ಲಿ ತಮ್ಮನೋ ತಂಗಿಯೋ ಇದ್ದರೆ ಹೇಳಿ.

ಈಗ ನಿಮ್ಮ ಇಬಿ-3 ವಿಷಯ. ಇಲ್ಲೊಂದು ಹಳ್ಳ ಇದೆ, ವಕೀಲರೂ ಕೆಲವೊಮ್ಮೆ ಇದರಲ್ಲಿ ಬೀಳುತ್ತಾರೆ. ಇಬಿ-3ರೊಳಗೆ 'ಪ್ರೊಫೆಷನಲ್' ಎನ್ನುವುದು ಒಂದು, 'ಸ್ಕಿಲ್ಡ್ ವರ್ಕರ್' ಎನ್ನುವುದು ಇನ್ನೊಂದು. ಪ್ರೊಫೆಷನಲ್‌ಗೂ ಪೂರ್ತಿ ಬ್ಯಾಚುಲರ್ಸ್ ಬೇಕು, ಹಾಗಾಗಿ ಬಿಸಿಎ ಅಲ್ಲೂ ಸಾಲದು. ನಿಮಗೆ ಹೊಂದುವುದು ಸ್ಕಿಲ್ಡ್ ವರ್ಕರ್. ಆದರೆ ಪರ್ಮ್‌ನಲ್ಲಿ 'ಬ್ಯಾಚುಲರ್ಸ್ ಅಥವಾ ಅದಕ್ಕೆ ಸಮನಾದ ವಿದೇಶಿ ಡಿಗ್ರಿ' ಎಂದಷ್ಟೇ ಬರೆದುಬಿಟ್ಟರೆ ಕೆಲಸ ಕೆಟ್ಟಂತೆ. 'ಮೂರು ವರ್ಷದ ಡಿಗ್ರಿ, ಅಥವಾ ಓದು ಮತ್ತು ಅನುಭವ ಸೇರಿದ ಇಂಥ ಲೆಕ್ಕವನ್ನೂ ಒಪ್ಪುತ್ತೇವೆ' ಎಂದು ಕಂಪನಿ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಕೆಲಸಕ್ಕೆ ಜಾಹೀರಾತು ಕೊಡುವಾಗಲೂ ಅದೇ ಧಾಟಿ ಇರಬೇಕು. ಪರ್ಮ್ ಹಾಕಿದ ಮೇಲೆ ಈ ಸಾಲನ್ನು ತಿದ್ದಲು ಆಗುವುದಿಲ್ಲ. ಆದ್ದರಿಂದ ಅರ್ಜಿಯ ಕರಡು ಬಂದಾಗ 'ವಕೀಲರಿಗೆ ಗೊತ್ತಿರುತ್ತೆ ಬಿಡಿ' ಎನ್ನದೆ ಓದಿನ ಕಾಲಂ ನೀವೇ ಓದಿ. ನಾನು ನೋಡಿದ ಬಿಸಿಎ, ಬಿಎಸ್ಸಿ ತಿರಸ್ಕಾರಗಳಲ್ಲಿ ಬಹುಪಾಲು ಇದೊಂದೇ ಸಾಲಿನಿಂದ ಆದವು. ಪ್ರೊಫೆಷನಲ್, ಸ್ಕಿಲ್ಡ್ ವರ್ಕರ್ ಎರಡಕ್ಕೂ ಕಾಯುವ ಸಾಲು ಒಂದೇ, ತಾರೀಖೂ ಒಂದೇ. ಸ್ಕಿಲ್ಡ್ ವರ್ಕರ್ ಎಂದರೆ ಹಿಂದೆ ನಿಲ್ಲಿಸುತ್ತಾರೆ ಎಂದೇನಿಲ್ಲ.

ಇಬಿ-2 ಸಿಕ್ಕರೆ ಬೇಗ ಆಗುತ್ತದೆ ಎನ್ನುವ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿ ಕೂತಿದೆ. ಒಂದು ಕಾಲಕ್ಕೆ ಅದು ನಿಜವಿತ್ತು. ಯಾವಾಗಲೂ ಹಾಗಿರುವುದಿಲ್ಲ, ತಾರೀಖು ನೋಡಿ. 2025ರ ಅಕ್ಟೋಬರ್ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 ಏಪ್ರಿಲ್ 2013ರಲ್ಲಿ ನಿಂತಿತ್ತು (ಸರ್ಕಾರ ತಿಂಗಳು ತಿಂಗಳು ಹೊರಡಿಸುವ ಈ ಪಟ್ಟಿಯ ತಾರೀಖಿಗಿಂತ ಮೊದಲಿನ ಪ್ರಯಾರಿಟಿ ಡೇಟ್ ಇದ್ದವರಿಗೆ ಸರದಿ). ಇಬಿ-3 ಆಗಸ್ಟ್ 2013ರಲ್ಲಿತ್ತು, ಅಂದರೆ ಇಬಿ-3 ನಾಲ್ಕು ತಿಂಗಳು ಮುಂದೆ! 2020ರ ಅಕ್ಟೋಬರ್‌ನಲ್ಲೂ ಹೀಗೇ ಆಗಿ, ಎಷ್ಟೋ ಮಂದಿ ತಾವಾಗಿಯೇ ಇಬಿ-2ರಿಂದ ಇಬಿ-3ಕ್ಕೆ ಇಳಿದರು. ಕಾರಣ ಸರಳ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಇಬಿ-2ಗೆ ನಲವತ್ತು ಸಾವಿರ, ಇಬಿ-3ಗೆ ನಲವತ್ತು ಸಾವಿರ. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ರ ಮಿತಿ. ಬೇರೆ ದೇಶದವರು ಬಿಟ್ಟ ಕಾರ್ಡ್ ಸಿಗದ ವರ್ಷ ಭಾರತಕ್ಕೆ ಒಂದೊಂದು ವರ್ಗದಲ್ಲಿ ಮೂರು ಸಾವಿರವೂ ಇಲ್ಲ. ಅದೂ ಗಂಡ, ಹೆಂಡತಿ, ಮಕ್ಕಳನ್ನೆಲ್ಲ ಸೇರಿಸಿ ಎಣಿಸುವುದು. ಈ ವರ್ಷ ಪರ್ಮ್ ಹಾಕುವವರು ಭಾರತದ ಸಾಲಿನಲ್ಲಿ ನಿಂತರೆ, ಇಬಿ-2 ಆಗಲಿ ಇಬಿ-3 ಆಗಲಿ, ಈಗಿನ ವೇಗದಲ್ಲಿ ಮಗಳಿಗೆ 21 ಆಗುವುದರೊಳಗೆ ತಲುಪುವುದು ಕಷ್ಟ.

'ಹುಟ್ಟಿದ ದೇಶ' ಎಂದೆನಲ್ಲ. ಪೌರತ್ವ ನೋಡುವುದಿಲ್ಲ, ಹುಟ್ಟಿದ ಜಾಗ ನೋಡುತ್ತಾರೆ. ಗಂಡ ಹೆಂಡತಿ ಒಟ್ಟಿಗೆ ಗ್ರೀನ್ ಕಾರ್ಡ್ ಪಡೆಯುವಾಗ ಇಬ್ಬರಲ್ಲಿ ಒಬ್ಬರು ಹುಟ್ಟಿದ ದೇಶದ ಸಾಲನ್ನು ಇನ್ನೊಬ್ಬರೂ ಬಳಸಬಹುದು. ನಾನು ಮೊದಲು ಹೇಳಿದ ಮುಖ್ಯ ವಿಷಯ ಇದೇ, ನಿಮ್ಮ ಹೆಂಡತಿ ಹುಟ್ಟಿದ್ದು ಮಸ್ಕತ್‌ನಲ್ಲಿ. ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೂ ಅವರು ಒಮಾನ್ ಲೆಕ್ಕಕ್ಕೆ ಬರುತ್ತಾರೆ. ನೀವು ಅವರ ಜೊತೆ ಆ ಲೆಕ್ಕಕ್ಕೆ ಸೇರಿಕೊಳ್ಳಬಹುದು. ಮಗಳೂ ನಿಮ್ಮಿಬ್ಬರ ಜೊತೆಗೆ. ಒಮಾನ್‌ಗೆ ಬೇರೆ ಸಾಲಿಲ್ಲ, ಪ್ರಪಂಚದ ಉಳಿದ ದೇಶಗಳ ಸಾಲೇ ಅದಕ್ಕೂ. ಅದೇ 2025ರ ಅಕ್ಟೋಬರ್ ಬುಲೆಟಿನ್‌ನಲ್ಲಿ ಆ ಸಾಲಿನ ಇಬಿ-2 ಡಿಸೆಂಬರ್ 2023ರಲ್ಲಿ, ಇಬಿ-3 ಏಪ್ರಿಲ್ 2023ರಲ್ಲಿ ಇತ್ತು. ಅಂದರೆ ಎರಡು, ಎರಡೂವರೆ ವರ್ಷದ ಕಾಯುವಿಕೆ. ಮುಂದೆ ತಾರೀಖು ಹಿಂದೆ ಮುಂದೆ ಆಗಬಹುದು, ಆದರೂ ಭಾರತದ ಸಾಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಮಂಗಳೂರು, ಉಡುಪಿ, ಭಟ್ಕಳ ಕಡೆಯ ಎಷ್ಟು ಮನೆಗಳಲ್ಲಿ ಅಪ್ಪ ಕುವೈತ್, ಬಹರೇನ್, ದುಬೈ ಎಂದು ದುಡಿದು ಬಂದಿದ್ದಾರೆ! ಅಲ್ಲಿ ಹುಟ್ಟಿದ ಮಕ್ಕಳು ಇವತ್ತು ಅಮೆರಿಕದಲ್ಲಿದ್ದಾರೆ. ಅವರಲ್ಲಿ ಕೆಲವರು ಹತ್ತು ವರ್ಷ ಭಾರತದ ಸಾಲಿನಲ್ಲಿ ನಿಂತ ಮೇಲೆ ಇದು ಗೊತ್ತಾಗಿ ಹಣೆ ಚಚ್ಚಿಕೊಂಡದ್ದನ್ನು ಕಂಡಿದ್ದೇನೆ. ವಕೀಲರ ಫಾರಂನಲ್ಲಿ ಹೆಂಡತಿ ಹುಟ್ಟಿದ ಊರಿನ ಕಾಲಂ ಎಲ್ಲೋ ಮೂಲೆಯಲ್ಲಿರುತ್ತದೆ, ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ಇದು ಪರ್ಮ್‌ನಲ್ಲಿ ಬರುವ ವಿಷಯ ಅಲ್ಲ, ಕೊನೆಯ ಹಂತದ ಗ್ರೀನ್ ಕಾರ್ಡ್ ಅರ್ಜಿ ಐ-485ರಲ್ಲಿ ಕೇಳಬೇಕಾದದ್ದು. ಆದರೂ ನಾಳೆಯೇ ವಕೀಲರಿಗೆ ಒಂದು ಇಮೇಲ್ ಹಾಕಿ. ಒಮಾನ್ ಸರ್ಕಾರ ಕೊಟ್ಟ ಜನನ ಪ್ರಮಾಣಪತ್ರ ಬೇಕು. ಮಾವನವರ ಟ್ರಂಕಿನಲ್ಲಿ ಬರೀ ಆಸ್ಪತ್ರೆಯ ಚೀಟಿ ಇದ್ದರೆ ಅದು ಸಾಲದು, ಈಗಿನಿಂದಲೇ ತರಿಸಲು ಶುರು ಮಾಡಿ. ಇನ್ನೊಂದು, ಈ ಸೌಲಭ್ಯ ಗಂಡ ಹೆಂಡತಿಗೆ ಮಾತ್ರ. ಮಗು ದುಬೈನಲ್ಲಿ ಹುಟ್ಟಿದೆ ಎಂದು ಅಪ್ಪ ಅಮ್ಮ ಆ ಸಾಲಿಗೆ ಹೋಗಲು ಬರುವುದಿಲ್ಲ.

ಇನ್ನು ಮಾಸ್ಟರ್ಸ್ ಮಾಡಲೇ ಎಂಬ ಪ್ರಶ್ನೆ. ಮೇಲಿನ ತಾರೀಖು ಮತ್ತೆ ನೋಡಿ. ನಿಮ್ಮ ಸಾಲಿನಲ್ಲಿ ಇಬಿ-2 ಮತ್ತು ಇಬಿ-3 ನಡುವೆ ಇದ್ದದ್ದು ಎಂಟು ತಿಂಗಳು. ಅದಕ್ಕಾಗಿ ಎರಡು ವರ್ಷ ಓದಿ, ಅದು ಮುಗಿಯುವ ತನಕ ಪರ್ಮ್ ತಡೆಹಿಡಿಯುವುದು ಲೆಕ್ಕಕ್ಕೆ ಕೂಡುವುದಿಲ್ಲ, ಅಲ್ವಾ? ಮಾನ್ಯತೆ ಇರುವ ಯೂನಿವರ್ಸಿಟಿಯ ಮಾಸ್ಟರ್ಸ್ ಇಬಿ-2ಗೆ ನಡೆಯುತ್ತದೆ ಎನ್ನುವುದು ನಿಜ. ಆನ್‌ಲೈನ್ ಎಂದೇ ತಳ್ಳಿಹಾಕುವುದಿಲ್ಲ, ಮಾನ್ಯತೆ ಮುಖ್ಯ. ಆದರೆ ನಿಮ್ಮ ಕೆಲಸಕ್ಕೆ ಮಾಸ್ಟರ್ಸ್ ಬೇಕು ಎಂದು ಕಂಪನಿಯೂ ಬರೆಯಬೇಕು. ಹಾಗೆ ಬರೆದರೆ ಸರ್ಕಾರ ನಿಗದಿ ಮಾಡುವ ಸಂಬಳದ ಮಟ್ಟ ಏರಬಹುದು, ಆಗ ಕಂಪನಿ ಹಿಂದೇಟು ಹಾಕುತ್ತದೆ. ಫೀಸನ್ನು ಕಂಪನಿಯೇ ಕಟ್ಟಿದರೆ ಇನ್ನೊಂದು ತೊಡಕು. ಅದೇ ಅನುಕೂಲವನ್ನು ಇಲ್ಲಿಯ ಅಭ್ಯರ್ಥಿಗಳಿಗೂ ಕೊಡದಿದ್ದರೆ, ಆ ಕಂಪನಿಯ ಪರ್ಮ್‌ಗೆ ಆ ಡಿಗ್ರಿಯನ್ನು ಎಣಿಸುವುದಿಲ್ಲ. ಓದುವ ಆಸೆ ಇದ್ದರೆ ಓದಿ, ಬೇಡ ಎನ್ನುವುದಿಲ್ಲ. ಇಬಿ-3 ಮಾತ್ರ ಈಗಲೇ ಶುರುವಾಗಲಿ. ಐ-140 ಒಮ್ಮೆ ಮಂಜೂರಾದರೆ ಆ ಪ್ರಯಾರಿಟಿ ಡೇಟ್ ನಿಮ್ಮದು. ಮುಂದೆ ಇಬಿ-2ಗೆ ಹೊಸ ಅರ್ಜಿ ಹಾಕಿದರೂ ಹಳೆಯ ತಾರೀಖೇ ಜೊತೆಗೆ ಬರುತ್ತದೆ.

ತಡ ಮಾಡಬಾರದು ಎನ್ನಲು ಇನ್ನೊಂದು ಕಾರಣ ಎಚ್-1ಬಿಯ ಆರು ವರ್ಷದ ಮಿತಿ. ನಿಮ್ಮದು 2028ರ ಶರತ್ಕಾಲಕ್ಕೆ ಮುಗಿಯುತ್ತದೆ. ಅದಕ್ಕೆ ಕನಿಷ್ಠ 365 ದಿನ ಮೊದಲೇ ಪರ್ಮ್ ಹಾಕಿದ್ದರೆ ವರ್ಷ ವರ್ಷ ಮುಂದುವರಿಸಬಹುದು. ಐ-140 ಮಂಜೂರಾಗಿ ಸಾಲಿನಲ್ಲಿ ಕಾಯುತ್ತಿದ್ದರೆ ಮೂರು ಮೂರು ವರ್ಷ. ಪರ್ಮ್‌ಗೆ ಮೊದಲು ಸಂಬಳ ನಿಗದಿ, ಜಾಹೀರಾತು ಎಂದೇ ತಿಂಗಳುಗಟ್ಟಲೆ ಹೋಗುತ್ತದೆ. ಈ ಖರ್ಚನ್ನು, ವಕೀಲರ ಫೀಸನ್ನೂ ಸೇರಿಸಿ, ಕಂಪನಿಯೇ ಕೊಡಬೇಕು. 2007ರಿಂದ ಅದೇ ನಿಯಮ. 'ಸಂಬಳದಲ್ಲಿ ಹಿಡಿದುಕೊಳ್ಳುತ್ತೇವೆ' ಎಂದರೆ ಅದು ಕಾನೂನಿಗೆ ವಿರುದ್ಧ.

ಕೆಲಸ ಬದಲಿಸಿದರೆ ಗತಿಯೇನು ಎಂದು ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಐ-140 ಮಂಜೂರಾಗಿ 180 ದಿನ ಕಳೆದ ಮೇಲೆ ಹಳೆಯ ಕಂಪನಿ ಅದನ್ನು ಹಿಂತೆಗೆದುಕೊಂಡರೂ ನಿಮ್ಮ ತಾರೀಖು ಉಳಿಯುತ್ತದೆ. ಹೊಸ ಕಂಪನಿ ಪರ್ಮ್ ಅನ್ನು ಮೊದಲಿಂದ ಮಾಡಬೇಕು, ಅಷ್ಟೇ. ಅದಕ್ಕಿಂತ ಮೊದಲು ಬಿಟ್ಟರೆ ಅಪಾಯ ಜಾಸ್ತಿ.

ಸ್ನೇಹಿತರು ಹೇಳಿದ 'ಮಾಸ್ಟರ್ಸ್ ಎಂದು ಬರೆದುಕೊಡುವವರು' ಇದ್ದಾರೆ, ಇಲ್ಲ ಎನ್ನಲಾರೆ. ಅನುಭವವನ್ನು ಮಾಸ್ಟರ್ಸ್ ಎಂದು ಬರೆದ ಪತ್ರಕ್ಕೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಬೆಲೆಯಿಲ್ಲ. ಹಣ ಹೋಗುತ್ತದೆ, ಅರ್ಜಿ ಬೀಳುತ್ತದೆ. ಆದರೆ ಮಾಡದ ಕೆಲಸಕ್ಕೆ ಅನುಭವ ಪತ್ರ ಮಾಡಿಸಿಕೊಳ್ಳುವುದು ಬೇರೆ ಮಾತು. ಅದು ಸಿಕ್ಕಿಬಿದ್ದರೆ ಜೀವನಪೂರ್ತಿ ಅಮೆರಿಕದ ಬಾಗಿಲು ಮುಚ್ಚುವ ಅಪರಾಧ. ನಿಜವಾದ ಹದಿನಾಲ್ಕು ವರ್ಷ ಕೈಯಲ್ಲಿರುವ ನೀವು ಆ ಕಡೆ ತಲೆ ಹಾಕುವುದೇ ಬೇಡ.

ಆ ಹದಿನಾಲ್ಕು ವರ್ಷವನ್ನು ಕಾಗದದಲ್ಲಿ ತೋರಿಸುವುದೇ ನಿಮ್ಮ ಮುಂದಿನ ಕೆಲಸ. ಈಗಿನ ಕಂಪನಿಯಲ್ಲಿ ಗಳಿಸಿದ ಅನುಭವ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಮೊದಲು ಮಾಡಿದ ಕೆಲಸ ಈಗಿನದಕ್ಕಿಂತ ಅರ್ಧಕ್ಕೂ ಹೆಚ್ಚು ಬೇರೆಯಿದ್ದರೆ ಮಾತ್ರ ಬರುತ್ತದೆ. ಹಾಗಾಗಿ ಬೆಂಗಳೂರಿನದೇ ಆಧಾರ. ಕೊನೆಯ ಬೆಂಗಳೂರು ಕಂಪನಿ ಇದೇ ಗುಂಪಿನದಾಗಿದ್ದರೂ ಬೇರೆ ಕಂಪನಿಯಾಗಿ ನೋಂದಣಿಯಾಗಿದ್ದರೆ ಪರವಾಗಿಲ್ಲ. ನಮ್ಮ ಕಡೆಯ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೊನೆಗೊಂದು ಶುಭ ಹಾರೈಕೆ ಇರುತ್ತದೆ. ಇಲ್ಲಿ ಅದು ಸಾಲದು. ನೀವು ಏನು ಕೆಲಸ ಮಾಡಿದಿರಿ, ಯಾವ ತಂತ್ರಜ್ಞಾನ ಬಳಸಿದಿರಿ, ಪೂರ್ಣಾವಧಿಯೇ ಎನ್ನುವುದು ಪತ್ರದಲ್ಲಿರಬೇಕು. ಬರೆದವರ ಹೆಸರು, ಹುದ್ದೆ, ವಿಳಾಸ ಬೇಕು. ಪರ್ಮ್‌ನಲ್ಲಿ ಕಂಪನಿ 'ಜಾವಾ ಎರಡು ವರ್ಷ' ಎಂದು ಬರೆದಿದ್ದರೆ ಆ 'ಜಾವಾ' ಪತ್ರದಲ್ಲಿ ಕಣ್ಣಿಗೆ ಬೀಳಬೇಕು.

ಎಚ್‌ಆರ್‌ನವರು 'ನಮ್ಮ ಪಾಲಿಸಿಯಲ್ಲಿ ಇಲ್ಲ' ಎಂದು ಕೈತೊಳೆದುಕೊಂಡರೆ, ಅಥವಾ ಕಂಪನಿಯೇ ಮುಚ್ಚಿಹೋಗಿದ್ದರೆ, ಆಗಿನ ಮ್ಯಾನೇಜರ್ ಅಥವಾ ಜೊತೆಗಿದ್ದವರು ಪ್ರಮಾಣಪತ್ರ ಬರೆದುಕೊಡಬಹುದು. ಅದರ ಜೊತೆಗೆ ಆಫರ್ ಲೆಟರ್, ಸಂಬಳದ ಚೀಟಿ, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಏನು ಸಿಕ್ಕಿದರೂ ಜೋಡಿಸಿ. 2008ರಲ್ಲಿ ನಿಮ್ಮ ಜೊತೆ ಕೂತು ಕೆಲಸ ಮಾಡಿದವರ ನಂಬರ್ ಇನ್ನೂ ಫೋನಿನಲ್ಲಿದ್ದರೆ ಈ ವಾರವೇ ಒಂದು ಕಾಲ್ ಮಾಡಿ. ಪರ್ಮ್ ಕರಡು ಬರುವ ಮೊದಲೇ ಈ ಪತ್ರಗಳು ನಿಮ್ಮ ಕೈಯಲ್ಲಿರಲಿ. ಪತ್ರದಲ್ಲಿ ಏನು ಸಾಬೀತು ಮಾಡಬಹುದು ಎಂದು ತಿಳಿದ ಮೇಲೆ ಅರ್ಜಿಯಲ್ಲಿ ಅಷ್ಟನ್ನೇ ಕೇಳುವಂತೆ ವಕೀಲರಿಗೆ ಹೇಳಬಹುದು.